ಲಾರಿ ಓಬಳಯ್ಯನ ಗಾಯ

1978, ಜೂನ್ 12, ಸೋಮವಾರ. ದೊಡ್ಡೇರಿ

ನಮ್ಮ ಮಾವನ ತೊಡೆಯೊಳಗೆ ಕಬ್ಬಿಣ ಸಿಕ್ಕಿದೆ! ಎಕ್ಸ್‌ರೇಯಲ್ಲಿ ಬೆಳ್ಳಗೆ, ಸ್ಪಷ್ಟವಾಗಿ, ಹುಣಸೆಬೀಜದಷ್ಟು ದೊಡ್ಡ ಚೂರು ಎರಡು, ಅಕ್ಕಿಕಾಳಿನಷ್ಟು ಚಿಕ್ಕವು ಐದಾರು! ಇಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. (ಆಗಿತ್ತು. ಆದರೆ ಅದು ಬೇರೆ ತರಹ.)

ಮೊದಲಿನಿಂದ ಬರೆಯುತ್ತೇನೆ. ಮಾವ ಓಬಳಯ್ಯನವರು ಮಿಲಿಟರಿಯಲ್ಲಿದ್ದವರು. ಅರವತ್ತೈದರ ಯುದ್ಧದ ಹೊತ್ತಿಗೆ ಬಲಗಾಲಿಗೆ ಏಟಾಗಿ, ಆ ವರ್ಷವೇ ಮನೆಗೆ ಕಳಿಸಿದರಂತೆ. ಅವರ ಡಿಸ್ಚಾರ್ಜ್ ಪುಸ್ತಕದಲ್ಲಿ ‘ಲಾರಿಯಿಂದ ಬಿದ್ದು ಗಾಯ’ ಎಂದಿದೆ. ಕೇಳಿದರೆ ಅವರೂ ಹಾಗೇ ಹೇಳುತ್ತಾರೆ. ಹೋದ ವಾರ ಹೊಲದಲ್ಲಿ ಕಾಲು ಮಡಿಸಲಾಗದೆ ಬದುವಿನ ಮೇಲೆ ಕೂತುಬಿಟ್ಟರು. ಇವತ್ತು ಸಿರಾದಲ್ಲಿ ಡಾಕ್ಟರ್ ಶಂಕರಲಿಂಗಪ್ಪನವರಿಗೆ ತೋರಿಸಿದೆವು. ಅವರು ಫಿಲಮ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಏನಯ್ಯಾ ಓಬಳಯ್ಯ, ಲಾರಿಯಿಂದ ನೀನು ಬಿದ್ಯೋ, ಇಲ್ಲಾ ಲಾರಿನೇ ನಿನ್ನ ತೊಡೆಯೊಳಕ್ಕೆ ಬಿತ್ತೋ?”

“ಹಳೇ ಮಾತು ಬುಡಿ ಸ್ವಾಮಿ,” ಎಂದರು ಮಾವ.

ಡಾಕ್ಟರು ನನ್ನ ಕಡೆ ತಿರುಗಿ, “ಇದು ಶೆಲ್ಲಿನ ಚೂರಮ್ಮ. ಬಿದ್ದವರ ಮೂಳೆ ಮುರಿಯುತ್ತೆ, ತೊಡೆಯಲ್ಲಿ ಕಬ್ಬಿಣ ಬೆಳೆಯೋದಿಲ್ಲ,” ಎಂದರು.

ಎಂಥ ವಿನಯ ನಮ್ಮ ಮಾವನದು! ಯುದ್ಧದಲ್ಲಿ ಗಾಯಗೊಂಡವರಿಗೆ ಪದಕವಿದೆ ಎಂದು ಡಾಕ್ಟರೇ ಹೇಳಿದರು. ನಾನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಎಕ್ಸ್‌ರೇಯನ್ನು ಎದೆಗೆ ಒತ್ತಿಕೊಂಡು ಕೂತಿದ್ದೆ. ಬೆಂಗಳೂರಿನ ಕಾನ್ವೆಂಟಿನ ಗೆಳತಿಯರಿಗೆಲ್ಲ ಬರೆಯಬೇಕು. ಅವರ ಮಾವಂದಿರು ಬ್ಯಾಂಕ್ ಮ್ಯಾನೇಜರುಗಳು. ನನ್ನ ಮಾವ ವೀರ!

ಈ ಡೈರಿ ರಂಗ ಕೊಟ್ಟದ್ದು. ಮಧುಗಿರಿ ಹೈಸ್ಕೂಲಿನ ಕನ್ನಡ ಮೇಷ್ಟ್ರ ಹೆಂಡತಿ ಕನ್ನಡದಲ್ಲೇ ಬರೆಯಬೇಕಂತೆ. ಗಂಡನ ಹೆಸರು ಬಾಯಲ್ಲಿ ಹೇಳಬಾರದೆಂದು ಅಜ್ಜಿ ಹೇಳಿದ್ದಾರೆ. ಬರೆಯಬಾರದೆಂದು ಹೇಳಿಲ್ಲ. ಸಣ್ಣರಂಗಯ್ಯ, ಸಣ್ಣರಂಗಯ್ಯ, ಸಣ್ಣರಂಗಯ್ಯ!

ಜೂನ್ 14

ಊರಿನಲ್ಲಿ ಮಾವನನ್ನು ಏನೆಂದು ಕರೆಯುತ್ತಾರೆಂದು ಇವತ್ತು ಗೊತ್ತಾಯಿತು. ಬಸ್‌ಸ್ಟ್ಯಾಂಡಿನ ಹೋಟೆಲಿನ ಮುಂದೆ ನಾವಿಬ್ಬರೂ ಹೋಗುತ್ತಿದ್ದಾಗ, ಹೋಟೆಲಿನ ಯಜಮಾನ ಕಾಡಸಿದ್ದಪ್ಪ ಗಲ್ಲಾದಿಂದಲೇ ಕೂಗಿದ: “ಲಾರಿ ಬಂತು ಕಣ್ರಪ್ಪಾ, ಪಕ್ಕಕ್ ಸರೀರಿ!” ಒಳಗಿದ್ದವರೆಲ್ಲ ನಕ್ಕರು. ಯುದ್ಧಕ್ಕೆ ಹೋಗಿ ಲಾರಿಯಿಂದ ಬಿದ್ದು ಬಂದವನು ಲಾರಿ ಓಬಳಯ್ಯ. ಹದಿಮೂರು ವರ್ಷದಿಂದ ಇದೇ ಹೆಸರು! ಮಾವನೂ ನಕ್ಕು, “ಬ್ರೇಕ್ ಇಲ್ಲ, ಉಸಾರು,” ಎಂದು ಕುಂಟುತ್ತ ನಡೆದರು. ನನಗೆ ಮೈ ಉರಿದುಹೋಯಿತು.

ಮನೆಗೆ ಬಂದು ಅಜ್ಜಿಗೆ ದೂರು ಹೇಳಿದೆ. ಅಜ್ಜಿ ಎಂದರೆ ಪೆದ್ದಮ್ಮ, ಮಾವನ ತಾಯಿ. ಅತ್ತೆ ಹೋಗಿ ನಾಲ್ಕು ವರ್ಷವಾದ ಮೇಲೆ ಮನೆಯ ಯಜಮಾನಿಕೆ ಮತ್ತೆ ಅವರದೇ. ಎಪ್ಪತ್ತು ದಾಟಿದ್ದರೂ ಹಲ್ಲೆಲ್ಲ ಗಟ್ಟಿ. ಅವರಿಗೆ ಸಿಟ್ಟೇ ಬರಲಿಲ್ಲ.

“ಅದ್ರಾಗೇನೈತೆ ಹೆಣ್ಣೇ? ನಾನೂ ಹಂಗೇ ಹೇಳ್ಕಂತೀನಿ, ಲಾರಿ ಓಬಳಯ್ಯನ ತಾಯಿ ಅಂತ. ನಮ್ಮ ದೊಡ್ಡೋನು ಬೋರಯ್ಯ ಬರ್ಮಾ ಯುದ್ಧಕ್ಕೆ ಹೋದ. ಸತ್ತ ಅಂತ ತಾರು ಬಂತು. ಇಸ್ಕೂಲ್ ಮೇಷ್ಟ್ರು ಇದೇ ಜಗಲಿ ಮ್ಯಾಲೆ ನಿಂತ್ಕಂಡು ಓದಿದ್ರು. ನಾನು ರಾಗಿ ಕೇರ್ತಿದ್ದೆ. ಮೊರ ಕೆಳಕ್ಕಿಡ್ನಿಲ್ಲ ಕಣಮ್ಮ, ಅವ್ರು ಓದಿ ಮುಗಿಸಾಗಂಟ ಕೇರ್ತಾನೇ ಇದ್ದೆ. ಆಮ್ಯಾಲೆ ಇವ್ನೂ ಮಿಲ್ಟ್ರಿಗೆ ಹೊಂಟ. ನನ್ನ ತಲೆ ಮುಟ್ಟಿ ಆಣೆ ಮಾಡ್ಸಿದೆ, ಗುಂಡು ಹಾರೋ ತಾವ್ಕೆ ಹೋಗಲ್ಲ ಅಂತ. ಅಡಿಗೆಮನೇಗೆ ಸೇರ್ಕಂಡ. ಮಾತು ಉಳಿಸ್ಕಂಡ. ಲಾರಿಯಿಂದ ಬಿದ್ದ, ಅಷ್ಟೇಯ. ಬೀಳದೋರು ಯಾರವ್ರೆ?”

ಪಾಪ, ಅಜ್ಜಿಗೆ ಏನೂ ಗೊತ್ತೇ ಇಲ್ಲ! ಪದಕ ಬಂದ ದಿನ ಎಷ್ಟು ಖುಷಿಪಡುತ್ತಾರೋ! ಅಲ್ಲಿಯವರೆಗೆ ಸರ್‌ಪ್ರೈಸ್ ಆಗಿಯೇ ಇರಲಿ.

ಜೂನ್ 23, ಶುಕ್ರವಾರ

ಅರ್ಜಿ ಮುಗಿಯಿತು! ಮಿಲಿಟರಿಯ ದಾಖಲೆ ಕಚೇರಿಗೆ, ಇಂಗ್ಲಿಷಿನಲ್ಲಿ, ಹನ್ನೊಂದು ಪುಟ. ಇಂಗ್ಲಿಷ್ ಪ್ರಬಂಧದಲ್ಲಿ ಮೂರು ವರ್ಷ ಬಹುಮಾನ ತೆಗೆದುಕೊಂಡದ್ದು ಈ ದಿನಕ್ಕಾಗಿಯೇ ಇರಬೇಕು. ಮಾವ ಏನೂ ಹೇಳದ ಕಾರಣ ಯುದ್ಧದ ವರ್ಣನೆಯನ್ನು ನಾನೇ ತುಂಬಿದೆ. ಮಂಜು ಮುಚ್ಚಿದ ಶಿಖರಗಳು, ಕತ್ತಲನ್ನು ಸೀಳುವ ತೋಪುಗಳು, ಸಿಂಹದಂತೆ ಮುನ್ನುಗ್ಗುವ ಓಬಳಯ್ಯ. ‘ಸಿಂಹದಂತೆ’ ಮೂರು ಕಡೆ ಬಂದಿತ್ತು. ಒಂದು ಕಡೆ ‘ಹುಲಿಯಂತೆ’ ಮಾಡಿದೆ.

ಮಧುಗಿರಿಯ ಟೈಪಿಸ್ಟ್ ಆರನೇ ಪುಟದಲ್ಲಿ ಬೆರಳು ನಿಲ್ಲಿಸಿ ಕೇಳಿದ: “ಮೇಡಂ, ಇದು ಅರ್ಜಿನಾ, ಕಾದಂಬರಿನಾ?”

“ನೀವು ಟೈಪ್ ಮಾಡ್ರಿ,” ಎಂದೆ.

ಜೂನ್ 26

ಮಾವನ ಸಹಿ ಹಾಕಿಸಿಕೊಂಡೆ. ಅರ್ಜಿ ಎಂದರೆ ಬೇಡ ಎನ್ನುತ್ತಾರೆ, ಅದೇ ಆ ವಿನಯ. ಅದಕ್ಕೆ ‘ಸಿರಾ ಡಾಕ್ಟರ ಕಾಗದ’ ಎಂದು ಹೇಳಿ ಕೊನೆಯ ಪುಟವನ್ನಷ್ಟೇ ಮುಂದಿಟ್ಟೆ. ಓದದೆ ಸಹಿ ಮಾಡಿದರು. ಒಳ್ಳೆಯದಕ್ಕಾಗಿ ಹೇಳಿದ ಸಣ್ಣ ಸುಳ್ಳು. ಇದನ್ನು ಸುಳ್ಳು ಎಂದು ಯಾರು ಕರೆಯುತ್ತಾರೆ?

ರಂಗನಿಗೆ ಹೇಳಿದೆ. ಅವನು ಚಪ್ಪಲಿ ಬಿಚ್ಚುತ್ತ, “ಅಪ್ಪನ್ನ ಒಂದ್ಮಾತು ಕೇಳ್ಬೇಕಿತ್ತು,” ಎಂದ. ಈ ಮನೆಯ ಗಂಡಸರಿಗೆ ಉತ್ಸಾಹವೇ ಇಲ್ಲ.

ಜುಲೈ 4

ಪೋಸ್ಟ್‌ಮ್ಯಾನ್ ನರಸಪ್ಪ ಬಂದ. ಪದಕ ಬರಲಿಲ್ಲ. ಕಾಗದವೂ ಬರಲಿಲ್ಲ. ಪದಕವನ್ನು ತೂಗುಹಾಕಲು ನಡುಮನೆಯ ಗೋಡೆಯಲ್ಲಿ ಜಾಗ ನೋಡಿದ್ದೇನೆ. ಅಲ್ಲೀಗ ಕ್ಯಾಲೆಂಡರ್ ಇದೆ.

ಜುಲೈ 21, ಶುಕ್ರವಾರ

ಬಂತು.

ಈ ಬೀದಿಯಲ್ಲಿ ಒಂದು ಪದ್ಧತಿ. ಸರ್ಕಾರದ ಕಾಗದ ಬಂದರೆ ಒಳಗೆ ತೆಗೆದುಕೊಂಡು ಹೋಗಿ ಓದುವ ಹಾಗಿಲ್ಲ. ಜಗಲಿಯ ಮೇಲೆ ಎಲ್ಲರಿಗೂ ಕೇಳುವಂತೆ ಓದಬೇಕು. ಒಳಗೆ ಓದಿದರೆ ಕೆಟ್ಟ ಸುದ್ದಿ ಎಂದು ಅರ್ಥ, ಅಷ್ಟರಲ್ಲೇ ಹೆಂಗಸರು ಅಳುವುದಕ್ಕೆ ಬಂದುಬಿಡುತ್ತಾರೆ. ನಾನು ಮದುವೆಯಾಗಿ ಬಂದ ಮೇಲೆ ಇಡೀ ಬೀದಿಯ ಇಂಗ್ಲಿಷ್ ಕಾಗದಗಳನ್ನು ಓದುವವಳು ನಾನೇ. ನನಗೆ ಅದೊಂದು ಹೆಮ್ಮೆ.

ನರಸಪ್ಪ ಲಕೋಟೆಯನ್ನು ಎತ್ತಿ ಹಿಡಿದು, “ಮಿಲ್ಟ್ರಿಯಿಂದ ಕಣವ್ವೋ!” ಎಂದು ಸಾರಿಯೇ ಬಂದ. ಎಂಟು ಹತ್ತು ಜನ ಸೇರಿದರು. ಮಾವ ಎತ್ತಿನ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು. ಅಜ್ಜಿ ಜಗಲಿಯ ಮೂಲೆಯಲ್ಲಿ ರಾಗಿ ಕೇರುತ್ತಿದ್ದರು.

ಪತ್ರದಲ್ಲಿ ನಂಬರು ಹಾಕಿದ ಮೂರು ಪ್ಯಾರಾ. ಒಂದು: ಸೆಪ್ಟೆಂಬರ್ 1965ರಲ್ಲಿ ಶತ್ರುವಿನ ಶೆಲ್ಲಿನಿಂದ ಗಾಯವಾಯಿತೆಂದು ನೀವು ಹೇಳುತ್ತಿದ್ದೀರಿ, ದಾಖಲೆಯಲ್ಲಿ ಲಾರಿಯಿಂದ ಬಿದ್ದದ್ದು ಎಂದಿದೆ, ಅಂದು ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದ ಒಬ್ಬರ ಪ್ರಮಾಣಪತ್ರವನ್ನು ನವೆಂಬರ್ ಮೂವತ್ತರೊಳಗೆ ಕಳಿಸಿದರೆ ಪರಿಶೀಲಿಸಲಾಗುವುದು. ಎರಡು: ಸದರಿ ಲಾರಿಯ ನಂಬರು, ಚಾಲಕನ ಹೆಸರು, ಅವನ ಮೇಲೆ ಕ್ರಮ ಕೈಗೊಂಡಿದ್ದರೆ ಅದರ ವಿವರ ತಿಳಿಸಿ. ಮೂರು: ಮುಂದಿನ ಪತ್ರ ಒಂದು ಪುಟ ಮೀರಕೂಡದು.

ನಾನು ಗಂಟಲು ಸರಿಮಾಡಿಕೊಂಡು, “ಓಬಳಯ್ಯನವರಿಗೆ...” ಎಂದು ಶುರುಮಾಡಿದೆ. ತಲೆ ಎತ್ತಿದಾಗ ಅಜ್ಜಿಯ ಕೈ ಕಂಡಿತು. ಮೊರ ಜೋರಾಗಿ ಆಡುತ್ತಿತ್ತು. ರಾಗಿ ನೆಲಕ್ಕೆ ಹಾರಿ ಬೀಳುತ್ತಿತ್ತು. ಅವರು ಅದನ್ನು ನೋಡುತ್ತಿರಲಿಲ್ಲ, ನನ್ನ ಬಾಯನ್ನು ನೋಡುತ್ತಿದ್ದರು.

“...ಲಾರಿಯ ನಂಬರು ಏನು, ಡ್ರೈವರ್ ಯಾರು, ಅವನಿಗೆ ಶಿಕ್ಷೆ ಆಯಿತಾ ಅಂತ ಕೇಳಿದ್ದಾರೆ,” ಎಂದೆ.

ಬೀದಿಯೇ ನಕ್ಕಿತು. “ಹದ್ಮೂರು ವರ್ಸದ ಮ್ಯಾಕೆ ಲಾರಿ ಹುಡುಕ್ತಾವ್ರೇನ್ಲಾ ನರಸ! ಸರ್ಕಾರ ಅಂದ್ರೆ ಸರ್ಕಾರ ಕಣಮ್ಮ!” ಎಂದು ಅಜ್ಜಿ ಮೊರ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು. ಅವರ ಮಗನ ಲಾರಿಯ ಬಗ್ಗೆ ದಿಲ್ಲಿಯವರೆಗೂ ಯೋಚಿಸುತ್ತಿದ್ದಾರೆಂದು ಸಂಜೆ ನಲ್ಲಿಯ ಹತ್ತಿರ ಎಲ್ಲರಿಗೂ ಹೇಳಿದರಂತೆ.

ಮೊದಲ ಪ್ಯಾರಾದ ಇಂಗ್ಲಿಷ್ ಸ್ವಲ್ಪ ಕಷ್ಟವಾಗಿತ್ತು, ಅದಕ್ಕೆ ಬಿಟ್ಟೆ. ಹಾಗೆಂದು ರಂಗನಿಗೆ ಹೇಳಿದೆ.

ಜುಲೈ 22

ಬೆಳಿಗ್ಗೆ ಬಾವಿಯ ಹತ್ತಿರ ಮಾವ ಬಂದು ಹಗ್ಗ ಹಿಡಿದುಕೊಂಡರು.

“ಮೊದಲ್ನೇ ಪ್ಯಾರಾದಾಗೆ ಏನಿತ್ತವ್ವ?”

ಕೊಡ ಜಾರಿತು.

“ಹದ್ನೈದು ವರ್ಸ ಮಿಲ್ಟ್ರಿ ಕಾಗದ ನೋಡಿವ್ನಿ. ಅವು ಒಂದ್ರಿಂದ ಸುರುವಾಗ್ತವೆ, ಯಾಕೆ ಬರ್ದವ್ರೆ ಅಂತ ಮೊದ್ಲು ಇರ್ತದೆ. ನೀನು ಎರಡ್ರಿಂದ ಓದ್ದೆ.”

ಹೇಳಿದೆ. ಹನ್ನೊಂದು ಪುಟ, ಸಹಿ, ಎಲ್ಲ. ಬೈಯುತ್ತಾರೆಂದುಕೊಂಡೆ. “ಮಂಜು ಬಿದ್ದಿತ್ತು ಅಂತ ಬರ್ದಿದ್ದೀಯಾ? ಪಂಜಾಬಿನ ಕಬ್ಬಿನ ಗದ್ದೆ ಕಣವ್ವ ಅದು. ಸೆಕೆ ಅಂದ್ರೆ ಸೆಕೆ,” ಎಂದರು. ಆಮೇಲೆ ಬಾವಿಯ ಕಟ್ಟೆಯ ಮೇಲೆ, ನೋವಿನ ಕಾಲನ್ನು ಚಾಚಿ ಕೂತು, ಬೇರೆ ಯಾರದೋ ಕಥೆಯಂತೆ ಹೇಳಿದರು.

ಅವರು ಯಾವ ಅಡಿಗೆಮನೆಯಲ್ಲೂ ಇರಲಿಲ್ಲ. ಟೆಲಿಫೋನ್ ತಂತಿ ಎಳೆಯುವ ಕೆಲಸ. ಗದ್ದೆಯಲ್ಲಿ ತಂತಿ ಎಳೆಯುತ್ತಿದ್ದಾಗ ಶೆಲ್ ಬಿತ್ತು. ಆಸ್ಪತ್ರೆಗೆ ಬರುವಷ್ಟರಲ್ಲಿ ಅಂಗಿಗೆ ಕಟ್ಟಿದ್ದ ಚೀಟಿ ರಕ್ತದಲ್ಲಿ ನೆನೆದು ಅಕ್ಷರ ಹೋಗಿತ್ತು. ವಾರ್ಡಿನ ಸಿಸ್ಟರ್ ಹೊಸದಾಗಿ ಬರೆದುಕೊಳ್ಳಲು ಬಂದರು, ಊರು ಕೇಳಿದರು. ಮಧುಗಿರಿ ತಾಲ್ಲೂಕು ಎಂದಾಗ ಆಯಮ್ಮ ಪೆನ್ನು ಕೆಳಗಿಟ್ಟು, “ನಾನು ಪಾವಗಡದೋಳು ಕಣಯ್ಯಾ, ನಾಗಲಮಡಿಕೆ,” ಎಂದರಂತೆ. ಹೆಸರು ಕಮಲಾಕ್ಷಮ್ಮ.

“ಕನ್ನಡ ಕೇಳಿ ನಂಗೆ ಅಳಾನೇ ಬಂದ್ಬುಡ್ತು. ಕೈ ಮುಗ್ದೆ. ಶೆಲ್ ಏಟು ಅಂತ ಬರೀಬ್ಯಾಡಿ ತಾಯಿ ಅಂದೆ. ಯುದ್ಧದ ಗಾಯ ಆದ್ರೆ ಮನೆಗೆ ತಾರು ಹೋಗ್ತದೆ. ಬರೇ ಆಕ್ಸಿಡೆಂಟು ಆದ್ರೆ ಕಾಗದ. ನಮ್ಮವ್ವ ಇನ್ನೊಂದು ತಾರು ತಡೆಯಲ್ಲ. ಜಗಲಿ ಮ್ಯಾಲೆ ಓದಿ ಮುಗ್ಸೋಕೆ ಮುಂಚೇನೇ ಹೋಗ್ಬುಡ್ತಾಳೆ. ಆಯಮ್ಮ ಪೆನ್ನು ಎತ್ಕಂಡ್ರು. ಆಮ್ಯಾಲೆ ಬರ್ದ್ರು, ಲಾರಿ ಅಂತ. ಆ ಪುಸ್ತಕದಿಂದ ಈ ಪುಸ್ತಕಕ್ಕೆ, ಈ ಪುಸ್ತಕದಿಂದ ಇನ್ನೊಂದಕ್ಕೆ, ಎಲ್ಲಾ ಕಡೆ ಲಾರಿನೇ ಆಗೋಯ್ತು.”

ನಾನು ಕೇಳಿದೆ, ಈಗ ಕಮಲಾಕ್ಷಮ್ಮ ಒಂದು ಪ್ರಮಾಣಪತ್ರ ಕೊಟ್ಟರೆ ಸಾಕಲ್ಲವೇ?

“ಏನಂತ ಕೊಡ್ತಾರೆ? ಸುಳ್ಳು ಬರ್ದೆ ಅಂತಾನಾ? ನಂಗೆ ಉಪಕಾರ ಮಾಡಿದೋರು, ಅವ್ರ ಕುತ್ತಿಗೆಗೆ ತರ್ಲಾ? ಇತ್ಲಾಗೆ ಅವ್ವ. ತಲೆ ಮುಟ್ಟಿ ಆಣೆ ಮಾಡಿದ್ದೆ. ಇರ್ಲಿ ಬುಡು ಮಗ. ಲಾರಿ ಅಂದ್ರೆ ಅಂದ್ಕಳ್ಲಿ.”

ಅವರೇ ಕೊಡ ಎತ್ತಿಕೊಂಡು ಹೋದರು. ಬೇಡವೆಂದರೂ ಕೇಳಲಿಲ್ಲ.

ಜುಲೈ 29

ಗೆಳತಿಗೆ ಅರ್ಧ ಬರೆದಿದ್ದ ಕಾಗದವನ್ನು ಒಲೆಗೆ ಹಾಕಿದೆ. ಮಳೆಗೆ ಸೌದೆ ಒದ್ದೆಯಾಗಿತ್ತು.

ಆಗಸ್ಟ್ 15, ಮಂಗಳವಾರ

ಶಾಲೆಯಲ್ಲಿ ಧ್ವಜಾರೋಹಣ. ಹೆಡ್‌ಮಾಸ್ಟರು ಊರಿನ ಹಳೆಯ ಸೈನಿಕರನ್ನು ವೇದಿಕೆಗೆ ಕರೆದರು. ಮೂವರಿದ್ದಾರೆ. ಇಬ್ಬರು ಏರಿದರು. ಮಾವ ಹಿಂದೆ ಬೇವಿನ ಮರದ ಕೆಳಗೆ ನಿಂತಿದ್ದರು. ಕಾಡಸಿದ್ದಪ್ಪ ಸ್ಕೂಲ್ ಕಮಿಟಿಯವನು, ಮೈಕು ಅವನ ಕೈಯಲ್ಲೇ ಇತ್ತು.

“ನಮ್ಮ ಲಾರಿ ಓಬಳಯ್ಯನ್ನೂ ಕೂರ್ಸ್ರಪ್ಪಾ! ಇಬ್ರು ಕುರ್ಚಿ ಹಿಡ್ಕಳಿ, ಅದ್ರಿಂದ್ಲೂ ಬಿದ್ದಾನು!”

ಮಕ್ಕಳೆಲ್ಲ ಹೋ ಎಂದು ನಕ್ಕವು. ಮಾವನೂ ನಕ್ಕು, ಕೈ ಅಲ್ಲಾಡಿಸಿ, ಅಲ್ಲೇ ನಿಂತರು. ಹೆಂಗಸರ ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವರು ಅಜ್ಜಿ. ಪಕ್ಕದವಳ ತೊಡೆ ತಟ್ಟಿ, “ನನ್ಮಗ ಕಣಮ್ಮ. ಗುಂಡಿನ ತಾವ್ಕೆ ಹೋಗ್ನೇ ಇಲ್ಲ. ಹೋದೋರ ತಾಯಂದ್ರನ್ನ ಕೇಳು,” ಎಂದರು.

ಯಾರ ಮುಖವನ್ನೂ ನೋಡದೆ ಪೆಪ್ಪರ್‌ಮೆಂಟ್ ಹಂಚಿದೆ. ಒಂದು ಸಾಲಿನವರಿಗೆ ಎರಡು ಸಲ ಹಂಚಿದೆನಂತೆ.

ವಾಪಸು ಬರುವಾಗ ಮೂರು ಮಕ್ಕಳು ಮಾವನ ಹಿಂದೆ ಕುಂಟುತ್ತ ‘ಪೋಂ ಪೋಂ’ ಎನ್ನುತ್ತ ಬಂದವು. ಮಾವ ತಿರುಗಿ ನೋಡಲಿಲ್ಲ. ಅವರು ನಗದೇ ಇದ್ದದ್ದನ್ನು ನೋಡಿದ್ದು ಇದೇ ಮೊದಲು.

ಆಗಸ್ಟ್ 17

ಮಾವ ಇನ್‌ಲ್ಯಾಂಡ್ ಲೆಟರ್ ತಂದು ಮುಂದಿಟ್ಟರು. “ಪಾವಗಡದ ಆಯಮ್ಮ ಇದ್ದಾರೋ ಇಲ್ವೋ. ಇದ್ರೆ ಒಂದು ಕಾಗದ ಹಾಕವ್ವ. ಏನೂ ಕೇಳ್ಬ್ಯಾಡ. ನಾನು ಹೇಳಿದ್ದಷ್ಟೇ ಬರಿ.”

ಹೇಳಿದ್ದು ಇಷ್ಟು: ನಾನು ದೊಡ್ಡೇರಿ ಓಬಳಯ್ಯ, ಅರವತ್ತೈದರಲ್ಲಿ ನಿಮ್ಮ ವಾರ್ಡಿನಲ್ಲಿದ್ದೆ. ಕಾಲು ಚೆನ್ನಾಗಿದೆ. ಅವ್ವ ಬದುಕಿದ್ದಾಳೆ. ನಿಮ್ಮ ಉಪಕಾರ ಮರೆತಿಲ್ಲ.

ಅಷ್ಟನ್ನೇ ಬರೆದೆ. ಎಕ್ಸ್‌ರೇ ವಿಷಯ ಬರೆಯಲಿಲ್ಲ. ನವೆಂಬರ್ ಮೂವತ್ತರ ವಿಷಯವೂ ಇಲ್ಲ. ಉಳಿದ ಜಾಗವೆಲ್ಲ ಖಾಲಿ. ಮಡಿಸಿ ಅಂಟಿಸಿದೆ.

ಸೆಪ್ಟೆಂಬರ್ 4, ಸೋಮವಾರ

ರಂಗನ ಶಾಲೆಯಲ್ಲಿರುವ ಪಾವಗಡದ ಕಡೆಯ ಮೇಷ್ಟ್ರೊಬ್ಬರು ನಾಗಲಮಡಿಕೆಯಲ್ಲಿ ವಿಚಾರಿಸಿಕೊಂಡು ಬಂದರು. ಕಮಲಾಕ್ಷಮ್ಮ ಇದ್ದಾರೆ. ಮದುವೆಯಾಗಲಿಲ್ಲವಂತೆ. ರಿಟೈರಾಗಿ ಗುಂತಕಲ್ಲಿನಲ್ಲಿ, ರೈಲ್ವೆಯಲ್ಲಿರುವ ತಮ್ಮನ ಕ್ವಾರ್ಟರ್ಸಿನಲ್ಲಿದ್ದಾರೆ. ವಿಳಾಸ ಬರೆದು ಕಾಗದ ಹಾಕಿದೆ.

ಮಾವನ ಕಾಲು ಬಾತಿದೆ. ಬಿಸಿನೀರಿನ ಶಾಖ ಕೊಟ್ಟೆ.

ಸೆಪ್ಟೆಂಬರ್ 29, ಶುಕ್ರವಾರ

ಉತ್ತರ. ಮೇಲೆ ಸರ್ಕಾರದ ಮುದ್ರೆ ಇರಲಿಲ್ಲವಾದ್ದರಿಂದ ಒಳಗೇ ಓದಲು ಬಿಟ್ಟರು. ಕನ್ನಡ ಅಕ್ಷರ ದುಂಡಗೆ, ತೆಲುಗಿನ ಹಾಗೆ. ಇಲ್ಲಿ ಪ್ರತಿಮಾಡಿಕೊಳ್ಳುತ್ತೇನೆ (‘ಅಬ್ಬಾಯಿ’ ಎಂದರೆ ತೆಲುಗಿನಲ್ಲಿ ಹುಡುಗ):

“ಅಬ್ಬಾಯಿ ಓಬಳಯ್ಯನಿಗೆ ಆಶೀರ್ವಾದ. ಕಾಲು ಚೆನ್ನಾಗಿದ್ದಿದ್ದರೆ ನೀನು ಬರೆಯುತ್ತಿರಲಿಲ್ಲ. ಒಳಗೆ ಚೂರುಗಳು ಉಳಿದಿವೆ ಎಂದು ಡಾಕ್ಟರು ಆಗಲೇ ಹೇಳಿದ್ದರು. ಲಾರಿ ಎಂಬುದು ನನ್ನ ಅಕ್ಷರ. ಕೆಲಸದಲ್ಲಿದ್ದ ಇಪ್ಪತ್ತಾರು ವರ್ಷದಲ್ಲಿ ನಾನು ಬರೆದ ಒಂದೇ ಸುಳ್ಳು. ಅದರ ಭಯ ನನಗೆ ಈಗಿಲ್ಲ, ಈ ವಯಸ್ಸಿನಲ್ಲಿ ನನ್ನನ್ನು ಏನು ಮಾಡಿಯಾರು? ಅದನ್ನು ತಿದ್ದಿ ಎಲ್ಲಿ ಬೇಕಾದರೂ ಬರೆದುಕೊಡುತ್ತೇನೆ. ಆದರೆ ಅದನ್ನು ಬರೆದದ್ದು ನಿನಗಾಗಿ ಅಲ್ಲ, ನಿನ್ನ ತಾಯಿಗಾಗಿ. ಆಯಮ್ಮ ಒಪ್ಪಬೇಕು. ಒಪ್ಪಿದರೆ ತಿಳಿಸು, ಬರುತ್ತೇನೆ.”

ಮಾವ ಎರಡು ಸಲ ಓದಿಸಿದರು. ಮಡಿಸಿ ಅವರ ಕೈಗೇ ಕೊಟ್ಟೆ.

ಅಕ್ಟೋಬರ್ 2, ಸೋಮವಾರ

ಮಾರ್ಲಮಿ ಅಮಾವಾಸ್ಯೆ. ಹಿರಿಯರಿಗೆ ಎಡೆ ಇಡುವ ದಿನ. ಬೋರಯ್ಯನ ಹೆಸರಿನಲ್ಲಿ ಅಜ್ಜಿ ಪ್ರತಿ ವರ್ಷ ಹೊಸ ಪಂಚೆ, ಬೀಡಿ ಕಟ್ಟು, ಮುದ್ದೆ, ಸಾರು ಇಡುತ್ತಾರೆ. ಎಲೆ ಹಾಕಿ, ಧೂಪ ಹಾಕಿ, ನಮಸ್ಕಾರ ಮಾಡುವ ಹೊತ್ತಿಗೆ ಮಾವ ಬಗ್ಗಲಿಲ್ಲ.

“ಅವ್ವ. ಅಣ್ಣನ ಎಡೆ ಮುಂದೆ ನಿಂತು ಹೇಳ್ತಾ ಇವ್ನಿ. ನಾನು ಲಾರಿಯಿಂದ ಬೀಳ್ನಿಲ್ಲ.”

ಎಲ್ಲ ಹೇಳಿದರು. ತಂತಿ, ಗದ್ದೆ, ಶೆಲ್ಲು, ಚೀಟಿ, ಸಿಸ್ಟರ್. ನಾನು ಮೊದಲ ಪ್ಯಾರಾ ಬಿಟ್ಟು ಓದಿದ್ದನ್ನೂ. ಅಜ್ಜಿ ಕೂತಲ್ಲೇ ಕೇಳಿದರು. ಮುಗಿದ ಮೇಲೆ ನನ್ನ ಕಡೆ ನೋಡಿ, “ಇನ್ನೊಂದು ಎಲೆ ತಾ,” ಎಂದರು.

ತಂದುಕೊಟ್ಟೆ. ಅದನ್ನು ಬೋರಯ್ಯನ ಎಲೆಯ ಪಕ್ಕಕ್ಕೆ ಹಾಕಿ, ಮುದ್ದೆ ಇಟ್ಟು, ಸಾರು ಬಿಟ್ಟರು.

“ಯಾರ್ಗಜ್ಜಿ?” ಎಂದ ರಂಗ.

“ಮಾತು ಉಳಿಸ್ಕಂಡಿದ್ದ ಮಗ ಒಬ್ಬ ಇದ್ನಲ್ಲ, ಅವ್ನಿಗೆ.”

ಮಾವ ಆ ಎಲೆಗೂ ನಮಸ್ಕಾರ ಮಾಡಿ ಹೊರಗೆ ಹೋದರು.

ಅಕ್ಟೋಬರ್ 4

ಅಜ್ಜಿ ಮಾವನ ಹತ್ತಿರ ಮಾತು ಬಿಟ್ಟಿದ್ದಾರೆ. ಎರಡು ಮಾರು ದೂರದಲ್ಲಿ ಕೂತಿರುವವರಿಗೆ ನನ್ನ ಮೂಲಕ ಹೇಳುತ್ತಾರೆ. “ಅವ್ನಿಗೆ ಹೇಳು, ನೀರು ಕಾದೈತೆ.” ನಾನು, “ಮಾವ, ನೀರು ಕಾದಿದೆಯಂತೆ.” ಮಾವ, “ಆಯ್ತು ಅಂತ ಹೇಳವ್ವ.” ನಾನು ಹೇಳುತ್ತೇನೆ. ಒಂದು ಪದ ಸೇರಿಸುವುದಿಲ್ಲ, ಒಂದು ಪದ ಬಿಡುವುದಿಲ್ಲ.

ನನಗೂ ಹೇಳಿದರು: “ನೀನೂ ಒಬ್ಳು ಬಂದೆ ಬೆಂಗಳೂರಿಂದ, ಸುಳ್ಳು ಓದಾಕೆ.”

ಅಕ್ಟೋಬರ್ 5

ಹಾಗೇ.

ಅಕ್ಟೋಬರ್ 8, ಭಾನುವಾರ

ಮಧ್ಯಾಹ್ನ ಊಟವಾದ ಮೇಲೆ ಅಜ್ಜಿ ಎದ್ದು ಬಂದು ಮಾವನ ಎದುರಿಗೇ ಕೂತರು. ನನ್ನನ್ನು ಕರೆಯಲಿಲ್ಲ. ನಾನು ಪಾತ್ರೆ ಬಿಟ್ಟು ಬಾಗಿಲಲ್ಲಿ ನಿಂತೆ.

“ಎಲ್ಲೋ ಅದು? ತೋರ್ಸು.”

ಮಾವ ಪಂಚೆ ಸರಿಸಿ ತೊಡೆ ತೋರಿಸಿದರು. ಅಜ್ಜಿ ಬೆರಳಿನಿಂದ ಆ ಕಲೆಯನ್ನು ಮೇಲಿನಿಂದ ಕೆಳಗೆ ಮೆಲ್ಲಗೆ ತಡವಿದರು.

“ಕಿರುಚಿದ್ಯಾ?”

“ಊಂ ಅವ್ವ.”

“ಯಾರನ್ನ ಕರ್ದೆ?”

ಮಾವ ಅಜ್ಜಿಯ ಮುಖ ನೋಡಿದರು. ಅಜ್ಜಿ ಪಂಚೆಯನ್ನು ಎಳೆದು ಮುಚ್ಚಿದರು.

“ನೀರು ಕೊಟ್ಟೋರ್ಯಾರು?”

“ಆ ಪಾವಗಡದಮ್ಮನೇ.”

“ಲಾರಿ ಅಂತ ಬರ್ದೋಳೂ ಅವಳೇಯಾ?”

“ಹೂಂ.”

ಅಜ್ಜಿ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಕೆನ್ನೆಗೆ ಸರಿಸಿದರು. “ಬೋರ ಹೋದ ಮ್ಯಾಕೆ ನಾನು ಕಣ್ಣು ಮುಚ್ಚಿರ್ನಿಲ್ಲ ಕಣ್ಲಾ. ಇಪ್ಪತ್ತು ವರ್ಸ. ನೀನು ಲಾರಿಯಿಂದ ಬಿದ್ದು ಮನೇಗೆ ಬಂದ್ಯಲ್ಲ, ಅವತ್ತಿಂದ ಮಲಗ್ತಾ ಇವ್ನಿ. ಹದ್ಮೂರು ವರ್ಸ ನಿದ್ದೆ ಕೊಟ್ಲು ಅವ್ಳು. ಅವ್ಳ ಮೊಕ ನೋಡ್ಬೇಕು. ಕರ್ಸು.”

“ಬಂದ್ರೆ ಕಾಗದ ತಿದ್ತಾರೆ ಅವ್ವ. ಊರಿಗೆಲ್ಲಾ ಗೊತ್ತಾಗ್ತದೆ, ನಿನ್ಮಗ ಆಣೆ ಮುರ್ದ ಅಂತ.”

“ಮುರ್ದಿಲ್ವಾ?”

“ಮುರ್ದಿವ್ನಿ.”

“ಮತ್ತೆ? ಆಗಿದ್ದು ಬರ್ಕಳ್ಳಿ. ಅವ್ಳಿಗೂ ಒಂದು ಸುಳ್ಳು ಕಡಿಮೆ ಆಗ್ಲಿ. ನನ್ನ ಹೆಬ್ಬೆಟ್ಟು ಬೇಕಾದ್ರೆ ಅದೂ ಒತ್ತುತೀನಿ.” ಎದ್ದು ನಿಲ್ಲಲು ಮಾವನ ಭುಜವನ್ನೇ ಹಿಡಿದುಕೊಂಡರು. ಬಾಗಿಲಲ್ಲಿ ನನ್ನನ್ನು ನೋಡಿ, “ಏನ್ ನಿಂತ್ಕಂಡು ಕೇಳ್ತೀಯಾ? ಬರಿ ಕಾಗದ. ಪೆದ್ದಮ್ಮ ಒಪ್ಪವ್ಳೆ ಅಂತ. ಪಾವಗಡದೋರು ಖಾರ ಜಾಸ್ತಿ ತಿಂತಾರಂತೆ, ಅದೂ ಕೇಳು,” ಎಂದರು.

ಮೂರು ಸಾಲು ಬರೆದೆ. ಸಂಜೆಯ ಬಸ್ಸಿಗೆ ರಂಗನ ಕೈಯಲ್ಲಿ ಕೊಟ್ಟು, ಮಧುಗಿರಿಯ ಪೋಸ್ಟ್ ಡಬ್ಬಿಗೆ ಹಾಕಿಸಿದೆ.

ಅಕ್ಟೋಬರ್ 14, ಶನಿವಾರ

ಕಮಲಾಕ್ಷಮ್ಮನವರ ಕಾರ್ಡು ಬಂತು, ಗುರುವಾರ ಬರುತ್ತಾರಂತೆ. ಖಾರ ಬಿಟ್ಟು ವರ್ಷಗಳಾದವಂತೆ. ದಾಖಲೆ ಕಚೇರಿಗೆ ಕಳಿಸಬೇಕಾದ್ದನ್ನು ತಮ್ಮ ಕೈಯಲ್ಲೇ ಬರೆದಿಟ್ಟಿದ್ದಾರೆ, ಅರ್ಧ ಪುಟ. ಅಜ್ಜಿಗೆ ಓದಿ ಹೇಳಿದ ಮೇಲೆಯೇ ಸಹಿ ಮಾಡುತ್ತಾರಂತೆ.

ಕಾಡಸಿದ್ದಪ್ಪ ಇವತ್ತೂ ಹೋಟೆಲಿನಿಂದ ಕೂಗಿದ. ಅಜ್ಜಿ ಜೊತೆಗಿದ್ದರು. ನಿಂತು, ತಿರುಗಿ, “ಗುರುವಾರ ನಮ್ಮನೆಗೆ ನೆಂಟರು ಬರ್ತಾವ್ರೆ ಕಣ್ಲಾ ಸಿದ್ದ. ಆಮ್ಯಾಲೆ ಕೂಗು, ನೋಡಾನ,” ಎಂದರು. ಅವನಿಗೆ ಅರ್ಥವಾಗಲಿಲ್ಲ. ಮಾವ ಸಂಕೋಚದಿಂದ ಬೇಗ ಬೇಗ ನಡೆದರು, ಕಾಲು ನೋಯುತ್ತಿದ್ದರೂ.

ಯಾವತ್ತು, ಯಾವ ಗಾಡಿ ಎಂದು ಅಜ್ಜಿ ಗಳಿಗೆಗೊಮ್ಮೆ ಕೇಳುತ್ತಾರೆ. ಮರೆಯದಿರಲೆಂದು ಇಲ್ಲಿ ಬರೆದಿಡುತ್ತೇನೆ: ಅಕ್ಟೋಬರ್ ಹತ್ತೊಂಬತ್ತು, ಗುರುವಾರ, ಗುಂತಕಲ್ಲು ಕಡೆಯಿಂದ ಬೆಂಗಳೂರಿಗೆ ಹೋಗುವ ಪ್ಯಾಸೆಂಜರು, ಇಳಿಯುವುದು ಗೌರಿಬಿದನೂರಿನಲ್ಲಿ.